ಸಂವಾಹಕನ ವಿದ್ಯೆ

ನಮ್ಮ ಕಿರಿಯ ಮಗಳು ಪಿ.ಯು.ಸಿ. ತೇರ್ಗಡೆಯಾದೊಡನೆ, ಮಂಗಳೂರಿಗೆ ಹೋಗಿ ಫಿಸಿಯೋಥೆರಪಿ ಕಲಿಯುವೆನೆಂದಳು. ನೆಲ್ಯಾಡಿಯ ಮನೆಯ ಜಗಲಿಯಲ್ಲಿ ಕುಳಿತಿದ್ದ ನಾವು ನಕ್ಕುಬಿಟ್ಟೆವು. “ಕೈಕಾಲು ಒತ್ತುವುದಕ್ಕೆ ನಾಲ್ಕೂವರೆ ವರ್ಷದ ವ್ಯಾಸಂಗವೆ?” ಎಂದೆವು. ಅವಳು ಎದುರಾಡಲಿಲ್ಲ, ಹಟವನ್ನೂ ಬಿಡಲಿಲ್ಲ.

ರಜೆಗೆ ಬಂದಾಗ ಅವಳ ಪುಸ್ತಕಗಳನ್ನು ತಿರುವಿ ನೋಡಿದೆವು. ಮೊದಲ ವರ್ಷವೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ. ಮುಂದೆ ಕೀಲುಗಳ ಚಲನತತ್ತ್ವ, ವ್ಯಾಯಾಮಚಿಕಿತ್ಸೆ, ವಿದ್ಯುಚ್ಚಿಕಿತ್ಸೆ. ನಾಲ್ಕು ವರ್ಷ ಮುಗಿದ ಮೇಲೆ ಆರು ತಿಂಗಳು ಆಸ್ಪತ್ರೆಯ ಸೇವೆ. ಒಂದೊಂದು ಸ್ನಾಯುವಿನ ಮೂಲ, ನೆಲೆ, ನರ, ಕ್ರಿಯೆಗಳನ್ನು ಅವಳು ಒಪ್ಪಿಸುವುದನ್ನು ಕೇಳಿದಾಗ, ನಾವು ಶಬ್ದರೂಪಗಳನ್ನು ಬಾಯಿಪಾಠ ಮಾಡಿದ ದಿನಗಳು ನೆನಪಾದುವು. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ.

ಅವಳ ಕೊನೆಯ ವರ್ಷದ ಮಳೆಗಾಲ. ಕೊಳೆರೋಗಕ್ಕೆ ಮದ್ದು ಬಿಡಲು ನಮ್ಮ ತೋಟದ ಅಡಿಕೆಮರವೇರಿದ್ದ ಆಳು ಜಾರಿ ಬಿದ್ದನು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಸ್ಪತ್ರೆಯ ಖರ್ಚನ್ನು ಕೊಟ್ಟು, ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದೆವು. ಮನೆಗೆ ಬಂದವನು ಮಲಗಿದಲ್ಲೇ ಇದ್ದನು.

ಮಗಳು ಬಂದು ನೋಡಿ, “ಅಪ್ಪಾ, ಇನ್ನು ಮುಂದೆಯೇ ಕೆಲಸವಿರುವುದು” ಎಂದಳು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆಹುಣ್ಣಾಗುವುದೆಂದೂ, ಆಡಿಸದ ಕೀಲು ಮರಗಟ್ಟುವುದೆಂದೂ ಅವನ ಹೆಂಡತಿಗೆ ತಿಳಿಸಿ, ಮಾಡುವ ಬಗೆಯನ್ನು ಕೈಹಿಡಿದು ಕಲಿಸಿದಳು. ‘ನಡೆಯುವೆ’ ಎಂಬ ಸುಳ್ಳಾಸೆಯನ್ನು ಕೊಡಲಿಲ್ಲ. ಉಳಿದ ತೋಳುಗಳ ಬಲವನ್ನು ಬೆಳೆಸಹೊರಟಳು. ಬಳಿಕ ಅವಳ ಮಾತಿನಂತೆಯೇ ಅವನನ್ನು ಕೊಕ್ಕಡದ ಬಳಿಯ ಸೌತಡ್ಕಕ್ಕೆ ಕರೆದೊಯ್ದೆವು. ಬೆನ್ನುಹುರಿಗೆ ಪೆಟ್ಟಾದವರಿಗೆಂದೇ ಸೇವಾಭಾರತಿಯವರು ನಡೆಸುವ ಸೇವಾಧಾಮ ಅಲ್ಲಿದೆ. ಈಗ ಅವನು ಹಾಸಿಗೆಯಿಂದ ಗಾಲಿಕುರ್ಚಿಗೆ ತಾನೇ ಸರಿಯುತ್ತಾನೆ. ನಮ್ಮ ಅಂಗಳದಲ್ಲಿ ಕುಳಿತು ಅಡಿಕೆ ಸುಲಿಯುತ್ತಾನೆ. ನಡೆಯಲಾರನು, ನಿಜ. ಆದರೆ ಮಲಗಿದಲ್ಲೇ ಇಲ್ಲ.

ಶೂದ್ರಕನ ಮೃಚ್ಛಕಟಿಕವನ್ನು ನಾವು ಎಷ್ಟೋ ಸಲ ಓದಿದ್ದೆವು. ಅದರಲ್ಲೊಬ್ಬ ಸಂವಾಹಕನಿದ್ದಾನೆ, ಮೈಯೊತ್ತಿ ಜೀವಿಸುವವನು. ಕಲೆಯೆಂದು ಕಲಿತದ್ದು ತನಗೆ ಹೊಟ್ಟೆಪಾಡಾಯಿತೆಂದು ಹೇಳಿಕೊಳ್ಳುವ ಆ ಜೂಜುಗಾರನನ್ನು ಕಂಡು ನಗುತ್ತಿದ್ದೆವು. ಸತ್ತಳೆಂದು ಎಲೆ ಮುಚ್ಚಿ ಹೋದ ವಸಂತಸೇನೆಯನ್ನು ಕಡೆಗೆ ಉಪಚರಿಸಿ ಎಬ್ಬಿಸಿದವನೂ, ಭಿಕ್ಷುವಾದ ಅವನೇ ಎಂಬುದನ್ನು ಮಾತ್ರ ಮರೆತಿದ್ದೆವು.

ವಾಚಕ ಮಹಾಶಯರೆ, ನಿಮ್ಮ ಮಕ್ಕಳಲ್ಲಿ ಯಾರಾದರೂ ಈ ವಿದ್ಯೆಯನ್ನು ಬಯಸಿದರೆ, ನಮ್ಮಂತೆ ನಗಬೇಡಿರಿ. ಮಗಳಲ್ಲಿ ತಪ್ಪೊಪ್ಪಿಕೊಳ್ಳಲು ನಮಗೆ ನಾಲ್ಕೂವರೆ ವರ್ಷಗಳೇ ಹಿಡಿದುವು. ನಮ್ಮ ವ್ಯಾಸಂಗವೂ ಅವಳದರೊಡನೆಯೇ ಮುಗಿಯಿತು.