ಅಗ್ಗದ ಟಿಕೆಟ್ಟಿನ ನಿಜವಾದ ಬೆಲೆ

ಬೆಲೆಯೆಂಬುದು ಎರಡು ಬಗೆಯದು. ಕೊಳ್ಳುವಾಗ ಕೈಯಿಂದ ಹೋಗುವ ಹಣ ಒಂದು. ಆ ಕೊಳ್ಳುವಿಕೆಗಾಗಿ ನಾವೂ ಇತರರೂ ತೆರುವ ಶ್ರಮ, ಸಮಯ, ನೆಮ್ಮದಿಗಳು ಇನ್ನೊಂದು. ಮೊದಲನೆಯದು ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಎರಡನೆಯದನ್ನು ವಿವೇಕಿಯಾದ ಗೃಹಸ್ಥನು ತಾನೇ ಬರೆದುಕೊಳ್ಳಬೇಕಾಗುತ್ತದೆ. ವಿಮಾನ ಪ್ರಯಾಣವು ಈಗ ಹಳ್ಳಿಯ ಮನೆಗಳನ್ನೂ ತಲುಪಿರುವುದರಿಂದ, ಈ ಎರಡು ಬೆಲೆಗಳ ಭೇದವನ್ನು ಅದರ ಮೂಲಕವೇ ಪರಿಶೀಲಿಸುವುದು ಉಚಿತವಾಗಿದೆ.

ಸಾಮಾನ್ಯನಿಗೂ ಆಕಾಶದ ದಾರಿಯನ್ನು ತೆರೆದ ಪ್ರಯತ್ನಕ್ಕೆ ಕನ್ನಡ ನಾಡಿನ ಸಂಬಂಧವಿದೆ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಜನಿಸಿ, ಸೇನೆಯ ಸೇವೆಯನ್ನು ಬಿಟ್ಟು ಹಾಸನ ಜಿಲ್ಲೆಯಲ್ಲಿ ಬೇಸಾಯ ಮಾಡಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಲ್ಲಿ ಏರ್ ಡೆಕ್ಕನ್ ಸಂಸ್ಥೆಯ ಹಾರಾಟವನ್ನು ಆರಂಭಿಸಿದರು. ಅಗ್ಗದ ದರದ ವಿಮಾನಯಾನ ಭಾರತದಲ್ಲಿ ಬೇರೂರಿದ್ದು ಅಲ್ಲಿಂದ. ಅವರು ಮಾರಿದ ಒಂದು ರೂಪಾಯಿಯ ಟಿಕೆಟ್ಟು ಮನೆಮಾತಾಯಿತು. ಆದರೆ ಆ ದರ ಬಹಳ ಮುಂಚಿತವಾಗಿ ಕೊಂಡ ಕೆಲವರಿಗೆ ಮಾತ್ರ ದೊರೆಯುತ್ತಿತ್ತು. ಹಾರಾಟದ ದಿನ ಸಮೀಪಿಸಿದಂತೆ, ಆಸನಗಳು ತುಂಬಿದಂತೆ ಬೆಲೆ ಏರುತ್ತಿತ್ತು. ಒಂದೇ ಸಾಲಿನಲ್ಲಿ ಕುಳಿತ ಇಬ್ಬರು ಬೇರೆ ಬೇರೆ ಬೆಲೆ ಕೊಟ್ಟಿರುವ ಪದ್ಧತಿ ಇಂದು ಎಲ್ಲ ಸಂಸ್ಥೆಗಳಲ್ಲಿಯೂ ಇದೆ.

ಅಗ್ಗದ ಸಂಸ್ಥೆಗಳು ಉಳಿತಾಯ ಮಾಡುವ ವಿಧಾನದಲ್ಲಿ ರಹಸ್ಯವೇನೂ ಇಲ್ಲ. ಆದಷ್ಟೂ ಒಂದೇ ಬಗೆಯ ವಿಮಾನಗಳನ್ನು ಇಟ್ಟುಕೊಂಡರೆ ದುರಸ್ತಿಯ ಖರ್ಚೂ ಸಿಬ್ಬಂದಿಯ ತರಬೇತಿಯ ಖರ್ಚೂ ಕಡಿಮೆಯಾಗುತ್ತವೆ. ಇಳಿದ ವಿಮಾನ ಅರ್ಧ ಗಂಟೆಯ ಆಸುಪಾಸಿನಲ್ಲಿಯೇ ಮತ್ತೆ ಏರಿದರೆ ದಿನಕ್ಕೆ ಹೆಚ್ಚು ಹಾರಾಟಗಳು ಸಾಧ್ಯ. ಮೇಲಿನ ದರ್ಜೆಯನ್ನು ತೆಗೆದುಹಾಕಿದರೆ, ಪೂರ್ಣಸೇವೆಯ ಸಂಸ್ಥೆಯೊಂದು ಸುಮಾರು 160 ಜನರನ್ನು ಕೂರಿಸುವ ವಿಮಾನದಲ್ಲಿ 180ಕ್ಕೂ ಹೆಚ್ಚು ಜನ ಕೂರಬಹುದು. ಊಟ, ಆಸನದ ಆಯ್ಕೆ, ಹೆಚ್ಚಿನ ಸಾಮಾನು ಇವುಗಳನ್ನು ಟಿಕೆಟ್ಟಿನಿಂದ ಬೇರ್ಪಡಿಸಿ ಬಿಡಿಬಿಡಿಯಾಗಿ ಮಾರಲಾಗುತ್ತದೆ. ಇದರಲ್ಲಿ ಸ್ವತಃ ದೋಷವಿಲ್ಲ. ತಿನ್ನದವನು ತಿಂದವನ ಊಟದ ಖರ್ಚನ್ನು ಹೊರುವುದು ತಪ್ಪುತ್ತದೆ. ಒತ್ತಾಗಿ ಕುಳಿತವರ ಪಾಲಿಗೆ ತಲಾ ಇಂಧನವೂ ಕಡಿಮೆ ಸುಡುತ್ತದೆ. ಸುರಕ್ಷತೆಯ ವಿಷಯದಲ್ಲಿಯೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಎರಡೂ ಬಗೆಯ ಸಂಸ್ಥೆಗಳಿಗೆ ಸಮಾನ. ಹಾರಾಟ ರದ್ದಾದಾಗ, ತಡವಾದಾಗ ಪ್ರಯಾಣಿಕನಿಗೆ ಸಲ್ಲಬೇಕಾದ ಮರುಪಾವತಿ ಮತ್ತು ಉಪಚಾರದ ನಿಯಮಗಳೂ ಸಮಾನವೇ. ಆದರೆ ಎರಡು ಬೇರೆ ಬೇರೆ ಟಿಕೆಟ್ಟುಗಳನ್ನು ಕೊಂಡು ಮಾರ್ಗಮಧ್ಯದಲ್ಲಿ ವಿಮಾನ ಬದಲಿಸುವವನು ಎಚ್ಚರದಿಂದಿರಬೇಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಎರಡನೆಯ ಸಂಸ್ಥೆಗೆ ಅದರ ಹೊಣೆಯಿರುವುದಿಲ್ಲ.

ಪೂರ್ಣಸೇವೆಯೆಂಬ ಹೆಸರಿನ ಅರ್ಥವೂ ಮೊದಲಿನಂತೆ ಉಳಿದಿಲ್ಲ. ದೇಶದೊಳಗಿನ ಪ್ರಯಾಣದಲ್ಲಿ ಅಗ್ಗದ ಸಂಸ್ಥೆಗಳು ಸಾಮಾನ್ಯವಾಗಿ 15 ಕಿಲೋ ಸಾಮಾನಿಗೆ ಅವಕಾಶ ಕೊಡುತ್ತವೆ. 2024ರಲ್ಲಿ ಏರ್ ಇಂಡಿಯಾ ಕೂಡ ತನ್ನ ಕಡಿಮೆ ದರದ ಟಿಕೆಟ್ಟುಗಳಿಗೆ ಅದೇ 15 ಕಿಲೋ ಮಿತಿಯನ್ನು ವಿಧಿಸಿತು. ಹೆಸರನ್ನು ನೋಡಿ ಭರವಸೆಯಿಡುವಂತೆಯೂ ಇಲ್ಲ. ಏರ್ ಡೆಕ್ಕನನ್ನು ತನ್ನೊಳಗೆ ಸೇರಿಸಿಕೊಂಡ ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಪೂರ್ಣಸೇವೆಯ ಜೆಟ್ ಏರ್‌ವೇಸ್ 2019ರಲ್ಲಿಯೂ ಅಗ್ಗದ ಗೋ ಫಸ್ಟ್ 2023ರಲ್ಲಿಯೂ ಹಾರಾಟ ನಿಲ್ಲಿಸಿದವು. ಮುಂಗಡ ಹಣ ಕೊಟ್ಟಿದ್ದ ಪ್ರಯಾಣಿಕರು ಎರಡು ಕಡೆಯೂ ನಷ್ಟ ಅನುಭವಿಸಿದರು.

ಹಾಗಾದರೆ ಹೋಲಿಕೆಯನ್ನು ಮಾಡುವುದು ಹೇಗೆ? ಮದ್ದೂರು ತಾಲ್ಲೂಕಿನ ನಿಡಘಟ್ಟದ ಒಂದು ಮನೆಯ ಲೆಕ್ಕ ಇದಕ್ಕೆ ದಾರಿ ತೋರಿಸುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎರಡು ಭಾಗಗಳಾಗಿ ನಿರ್ಮಿಸಿದಾಗ ಮೊದಲ ಭಾಗ ಮುಗಿದು ಎರಡನೆಯದು ಆರಂಭವಾದದ್ದು ಈ ಊರಿನಲ್ಲಿ. 2023ರಲ್ಲಿ ರಸ್ತೆ ಉದ್ಘಾಟನೆಯಾಗಿ ಟೋಲ್ ವಸೂಲಿ ಆರಂಭವಾದಂದಿನಿಂದ, ಹಣ ಕೊಟ್ಟು ಬೇಗ ಹೋಗುವ ದಾರಿ ಯಾವುದು, ಹಣವಿಲ್ಲದೆ ನಿಧಾನವಾಗಿ ಹೋಗುವ ಸರ್ವಿಸ್ ರಸ್ತೆ ಯಾವುದು ಎಂಬುದು ಇಲ್ಲಿನವರಿಗೆ ನಿತ್ಯದ ಅನುಭವ. ದೇವನಹಳ್ಳಿಯ ವಿಮಾನ ನಿಲ್ದಾಣ ಇಲ್ಲಿಂದ ಸುಮಾರು ನೂರು ಕಿಲೋಮೀಟರು.

ಕಬ್ಬು ಬೆಳೆಯುವ ಆ ಮನೆಯ ಹಿರಿಯ ದಂಪತಿಗಳು ದೆಹಲಿಯಲ್ಲಿ ಹೆರಿಗೆಯಾದ ಮಗಳನ್ನು ನೋಡಲು ಹೊರಟಿದ್ದರು. ಯಜಮಾನರ ತಮ್ಮನ ಮಗ ಟಿಕೆಟ್ಟುಗಳನ್ನು ಹುಡುಕಿದ. ಅಗ್ಗದ ಸಂಸ್ಥೆಯ ವಿಮಾನ ಬೆಳಗಿನ ಜಾವ 5 ಗಂಟೆ 40 ನಿಮಿಷಕ್ಕೆ, ತಲಾ 5,200 ರೂಪಾಯಿ. ಪೂರ್ಣಸೇವೆಯದು ಹನ್ನೊಂದೂವರೆಗೆ, ತಲಾ 6,700 ರೂಪಾಯಿ. ಇಬ್ಬರಿಗೂ ಸೇರಿ ಮೂರು ಸಾವಿರ ರೂಪಾಯಿ ಉಳಿಯುವುದೆಂದು ಮೊದಲನೆಯದನ್ನೇ ನಿಶ್ಚಯಿಸಿದ್ದರು.

ಹಣ ಕಟ್ಟುವ ಮುನ್ನ ಯಜಮಾನರು ಪೂರ್ತಿ ಲೆಕ್ಕವನ್ನು ಬರೆಯಿಸಿದರು. ಜಾವದ ವಿಮಾನಕ್ಕೆ ಟಿಕೆಟ್ಟು 10,400. ಜೊತೆಯಾಗಿ ಕೂರಲು 600. ಇಬ್ಬರ ತಿಂಡಿಗೆ 700. ರಾತ್ರಿ ಒಂದು ಗಂಟೆಗೆ ಮನೆ ಬಿಡಲು ಬಾಡಿಗೆ ಕಾರಿಗೆ ಟೋಲೂ ಸೇರಿ 4,800. ಒಟ್ಟು 16,500 ರೂಪಾಯಿ. ಪೂರ್ಣಸೇವೆಯ ವಿಮಾನಕ್ಕೆ ಟಿಕೆಟ್ಟು 13,400, ಆಸನಕ್ಕೆ 600, ಊಟ ಅದರಲ್ಲಿಯೇ ಸೇರಿತ್ತು. ಮುಂಜಾನೆ ಐದಕ್ಕೆ ಸರ್ಕಾರಿ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ವಾಯುವಜ್ರ ಬಸ್ಸಿಗೆ ಬದಲಿಸಿದರೆ ಇಬ್ಬರಿಗೂ ಸೇರಿ ಒಂದು ಸಾವಿರ. ಒಟ್ಟು 15,000. ಅಗ್ಗವೆಂದುಕೊಂಡದ್ದು ಒಂದೂವರೆ ಸಾವಿರ ರೂಪಾಯಿ ದುಬಾರಿಯಾಗಿತ್ತು.

ಕಾರು ಓಡಿಸಬೇಕಾಗಿದ್ದವನು ನೆರೆಮನೆಯ ತರುಣ. ಲೆಕ್ಕ ಕೇಳುತ್ತಾ ಕುಳಿತಿದ್ದ ಗೃಹಿಣಿ ಆಗ ಒಂದು ಪ್ರಶ್ನೆ ಹಾಕಿದರು: “ಆ ಹೈದ ಹಗಲೆಲ್ಲ ಗಾಡಿ ಓಡ್ಸಿ ರಾತ್ರೆ ನಮ್ಮನ್ನ ಕರ್ಕಂಡು ಹೋಗ್ಬೇಕು, ಒಬ್ನೇ ವಾಪಸ್ ಬರ್ಬೇಕು. ಅವನ ನಿದ್ದೆಗೆ ಏಸು ರೂಪಾಯಿ ಬರ್ದಿದ್ದೀಯಪ್ಪ?”

“ಅದನ್ನ ಎಲ್ಲೂ ಹಾಕಿಲ್ಲ ದೊಡ್ಡಮ್ಮ” ಎಂದ ಹುಡುಗ, ಮತ್ತೆ ಹುಡುಕತೊಡಗಿದ. ಅದೇ ಅಗ್ಗದ ಸಂಸ್ಥೆಯ ಮಧ್ಯಾಹ್ನದ ವಿಮಾನವೊಂದು ತಲಾ 5,900 ರೂಪಾಯಿಗೆ ದೊರೆಯಿತು. ಬಸ್ಸು ಮತ್ತು ಆಸನದ ಖರ್ಚು ಸೇರಿ, ಬುತ್ತಿ ಮನೆಯಿಂದಲೇ ಕಟ್ಟಿಕೊಂಡರೆ, ಒಟ್ಟು 13,400. ಎಲ್ಲಕ್ಕಿಂತ ಕಡಿಮೆ ಇದೇ ಆಯಿತು. ಬಾಣಂತಿಗೆಂದು ಕಟ್ಟಿದ್ದ ಬೆಲ್ಲ, ರಾಗಿಹಿಟ್ಟು, ಕೂಸಿನ ಕೌದಿ ಎಲ್ಲ ಸೇರಿ 38 ಕಿಲೋ ತೂಗಿದವು. ಇಬ್ಬರಿಗೂ ಒಪ್ಪಿಸುವ ಸಾಮಾನಿನ ಮಿತಿ 30 ಕಿಲೋ; ಆದರೆ ಕೈಚೀಲಕ್ಕೆ ತಲಾ 7 ಕಿಲೋ ಬೇರೆ ಇರುತ್ತದೆ. ಊರಿನ ಅಂಗಡಿಯ ತಕ್ಕಡಿಯಲ್ಲಿ ತೂಗಿ ನಾಲ್ಕು ನಾಲ್ಕು ಕಿಲೋ ಕೈಚೀಲಕ್ಕೆ ಸರಿಸಿದರು. ನಿಲ್ದಾಣದ ಕೌಂಟರಿನಲ್ಲಿ ಕಿಲೋ ಒಂದಕ್ಕೆ ತೆರಬೇಕಾದ ದಂಡ ಹೀಗೆ ತಪ್ಪಿತು.

ಈ ಲೆಕ್ಕದಿಂದ ತಿಳಿಯುವ ಅಂಶಗಳನ್ನು ಓದುಗರು ಗಮನಿಸಬೇಕು. ಇಲ್ಲಿ ದುಬಾರಿಯಾದದ್ದು ಅಗ್ಗದ ಸಂಸ್ಥೆಯಲ್ಲ, ವೇಳೆ. ಹೋಲಿಸಬೇಕಾದದ್ದು ಮನೆಯ ಬಾಗಿಲಿನಿಂದ ತಲುಪುವ ಬಾಗಿಲಿನವರೆಗಿನ ಒಟ್ಟು ಖರ್ಚನ್ನು. ಬೇಡದ್ದನ್ನು ಕೊಳ್ಳದವನಿಗೆ ಅಗ್ಗದ ಸಂಸ್ಥೆ ನಿಜವಾಗಿಯೂ ಅಗ್ಗ. ಎಲ್ಲವನ್ನೂ ಒಂದೊಂದಾಗಿ ಸೇರಿಸಿಕೊಳ್ಳುವವನಿಗೆ ಪೂರ್ಣಸೇವೆಯೇ ಲಾಭಕರವಾಗಬಹುದು. ಕಂದಮೂಲಗಳನ್ನು ವರ್ಜಿಸುವವರಿಗೆ ಪೂರ್ಣಸೇವೆಯ ಸಂಸ್ಥೆಗಳಲ್ಲಿ ಜೈನ ಆಹಾರ ದೊರೆಯುವುದುಂಟು. ಅದನ್ನು ಮುಂಚಿತವಾಗಿ ತಿಳಿಸಿರಬೇಕು. ದೇಶದೊಳಗಿನ ಪ್ರಯಾಣದಲ್ಲಿ ಮನೆಯ ಬುತ್ತಿಗೆ ಅಡ್ಡಿಯಿಲ್ಲದಿರುವುದರಿಂದ, ಇದೊಂದು ಕಾರಣಕ್ಕಾಗಿ ಹೆಚ್ಚು ಬೆಲೆ ಕೊಡಬೇಕಾದ ಅಗತ್ಯ ಕಾಣುವುದಿಲ್ಲ.

ಇನ್ನು ಆ ಗೃಹಿಣಿಯ ಪ್ರಶ್ನೆ. ಅದು ನಿಡಘಟ್ಟದ ಒಂದು ಕಾರಿಗೆ ಮಾತ್ರ ಸಂಬಂಧಿಸಿದ್ದಲ್ಲ. ವಿಮಾನ ಚಾಲಕರ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿಯ ಇಳಿದಾಣಗಳನ್ನು ಮಿತಗೊಳಿಸುವ ನಿಯಮಗಳು 2025ರಲ್ಲಿ ಜಾರಿಗೆ ಬಂದವು. ಅವುಗಳಿಗೆ ಬೇಕಾದಷ್ಟು ಚಾಲಕರನ್ನು ಹೊಂದಿಸಿಕೊಳ್ಳದೆ, ಆ ವರ್ಷದ ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ನಿಲ್ದಾಣಗಳಲ್ಲಿ ಜನ ಪರದಾಡಿದರು. ನಿಯಮದ ಕೆಲವು ಭಾಗಗಳಿಂದ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ದಣಿದ ಮನುಷ್ಯನ ನಿದ್ರೆಯೂ ಪ್ರಯಾಣದ ಖರ್ಚಿನ ಒಂದು ಭಾಗವೆಂಬುದು ಆಗ ಎಲ್ಲರ ಕಣ್ಣಿಗೂ ಬಿತ್ತು.

ಮಿತವ್ಯಯ ಸದ್ಗುಣವೇ ಹೌದು. ಆದರೆ ತಾನು ಬಿಟ್ಟುಕೊಟ್ಟದ್ದರಿಂದ ಉಳಿಸಿದ ಹಣ ಬೇರೆ, ಇನ್ನೊಬ್ಬನು ಸವೆದದ್ದರಿಂದ ಉಳಿದ ಹಣ ಬೇರೆ. ಬುತ್ತಿ ಕಟ್ಟಿಕೊಂಡು, ಸಾಮಾನು ಇಳಿಸಿಕೊಂಡು, ಬಸ್ಸಿನಲ್ಲಿ ಕುಳಿತು ಉಳಿಸಿದ್ದು ಮೊದಲನೆಯದು; ನಿದ್ದೆಗೆಟ್ಟ ಚಾಲಕನ ಕಣ್ಣಿನಿಂದ ಉಳಿದದ್ದು ಎರಡನೆಯದು. ಚೀಟಿಯ ಮೇಲೆ ಎರಡಕ್ಕೂ ಒಂದೇ ಅಂಕಿ ಇದ್ದೀತು. ಗೃಹಸ್ಥನ ಮನಸ್ಸಿನ ಲೆಕ್ಕದಲ್ಲಿ ಅವೆರಡನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯಬೇಕು.