ಸೆರಗು ಹಿಡಿದ ಬೆಳ್ಳಿ

ತಿಜ್ನಿತ್, ಮೊರಾಕೊ
ಶುಕ್ರವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ಅಜ್ಜಿಯ ಬೆಳ್ಳಿ ಡಾಬನ್ನು ಕರಗಿಸಿ ಮಗಳ ಮದುವೆಗೆ ದೀಪದ ಕಂಬ ಮಾಡಿಸಲೇ ಎಂದು ನೀನು ಕಳಿಸಿದ ಮೆಸೇಜು ಮರಾಕೆಶ್‌ನಲ್ಲಿದ್ದಾಗಲೇ ಬಂತು. ಉತ್ತರಕ್ಕೆ ನಾಲ್ಕು ದಿನ ತಡವಾಯಿತು. ಆ ನಾಲ್ಕು ದಿನವೂ ನಾನು ನೋಡಿದ್ದು ಬೆಳ್ಳಿಯನ್ನೇ.

ಅಗಾದಿರ್‌ನಿಂದ ದಕ್ಷಿಣಕ್ಕೆ ಸುಮಾರು 90 ಕಿ.ಮೀ. ಬಂದರೆ ಈ ಊರು ಸಿಗುತ್ತದೆ. ಸುತ್ತ ಕೆಮ್ಮಣ್ಣಿನ ಕೋಟೆಗೋಡೆ, 1880ರ ದಶಕದಲ್ಲಿ ಸುಲ್ತಾನ್ ಒಂದನೇ ಹಸನ್ ಕಟ್ಟಿಸಿದ್ದು. ಒಳಗೆ ಬೆಳ್ಳಿ ಅಂಗಡಿಗಳ ಸಾಲು. ಇಲ್ಲಿನವರನ್ನು ಪುಸ್ತಕಗಳು ಬೆರ್ಬೆರ್ ಎನ್ನುತ್ತವೆ. ಅದು ಹೊರಗಿನವರು ಇಟ್ಟ ಹೆಸರು. ‘ಬರ್ಬರ’ ಎಂದರೆ ನಮ್ಮ ಕಿವಿಗೆ ಏನು ಕೇಳಿಸುತ್ತದೆಂದು ನಿನಗೆ ಗೊತ್ತಲ್ಲ. ಅವರು ತಮ್ಮನ್ನು ಕರೆದುಕೊಳ್ಳುವುದು ಅಮಾಜಿಗ್ ಎಂದು. ನಾನೂ ಹಾಗೆಯೇ ಬರೆಯುತ್ತೇನೆ.

ಮೊದಲ ದಿನ ಒಂದು ಅಂಗಡಿಯಲ್ಲಿ ಅಂಗೈಯಗಲದ ತ್ರಿಕೋನದ ಎರಡು ಒಡವೆ ಕಂಡೆ. ಎರಡರ ನಡುವೆ ದಪ್ಪ ಸರಪಳಿ, ಸರಪಳಿಯ ಮಧ್ಯೆ ಮೊಟ್ಟೆಯಾಕಾರದ ಗುಂಡು, ಅದರ ಮೇಲೆ ಹಸಿರು ಹಳದಿ ಎನಾಮೆಲ್. ಕೊರಳಿನ ಹಾರವೆಂದುಕೊಂಡು ಕತ್ತಿಗೆ ಹಿಡಿದೆ. ಅಂಗಡಿಯಾತನ ತಾಯಿ ನಕ್ಕು ಎದ್ದು ಬಂದರು. ಒಳಗಿನಿಂದ ಉದ್ದನೆಯ ಬಟ್ಟೆ ತಂದು ನನ್ನ ಮೈಗೆ ಸುತ್ತಿದರು. ಹೊಲಿಗೆಯೇ ಇಲ್ಲದ ಬಟ್ಟೆ, ಹೆಚ್ಚುಕಡಿಮೆ ನಮ್ಮ ಸೀರೆಯಷ್ಟು ಉದ್ದ. ಹೆಸರು ಇಜಾರ್! ನಮ್ಮ ಅಜ್ಜ ತೊಡುತ್ತಿದ್ದ ಇಜಾರ ನೆನಪಾಯಿತು. ಅರಬ್ಬಿಯ ಆ ಒಂದೇ ಮಾತು ಇಲ್ಲಿ ಹೆಂಗಸಿನ ಹೊದಿಕೆಯಾಗಿದೆ, ನಮ್ಮಲ್ಲಿ ಗಂಡಸಿನ ಕಾಲಿಗೆ ಇಳಿದಿದೆ.

ಬಟ್ಟೆಯ ಬೆನ್ನಿನ ಅಂಚನ್ನು ಹೆಗಲ ಮೇಲೆ ತಂದು ಎದೆಯ ಅಂಚಿಗೆ ಸೇರಿಸಿದರು. ತ್ರಿಕೋನದ ತುದಿಯಲ್ಲಿ ಒಂದು ಬಳೆ, ಆ ಬಳೆಯಲ್ಲಿ ಒಂದು ಕಡೆ ಸಣ್ಣ ಸೀಳು. ಅದಕ್ಕೆ ಸೇರಿಸಿದ ಉದ್ದನೆಯ ಮುಳ್ಳನ್ನು ಎರಡೂ ಪದರಕ್ಕೆ ಚುಚ್ಚಿ ಹೊರತೆಗೆದು, ಅದರ ಮೊನೆಯನ್ನು ಸೀಳಿನಲ್ಲಿ ತೂರಿಸಿ ಬಳೆಯನ್ನು ಸ್ವಲ್ಪ ತಿರುಗಿಸಿದರು. ಮುಗಿಯಿತು. ಕೊಕ್ಕೆಯಿಲ್ಲ, ತಿರುಪಿಲ್ಲ. ಬಟ್ಟೆಯ ಭಾರವೇ ಮುಳ್ಳನ್ನು ಎಳೆದು ಬಿಗಿ ಹಿಡಿಯುತ್ತದೆ. ಇನ್ನೊಂದು ಹೆಗಲಿಗೂ ಹಾಗೆಯೇ. ಕೈ ಎತ್ತಿದೆ, ಬಗ್ಗಿದೆ, ಎಲ್ಲೂ ಜಾರಲಿಲ್ಲ. ಒಂದನ್ನು ತೆಗೆದಿದ್ದರೆ ಬಟ್ಟೆಯೆಲ್ಲ ನೆಲಕ್ಕೆ ಬೀಳುತ್ತಿತ್ತು. ಒಂದಕ್ಕೆ ತಾಜೆರ್ಜಿತ್, ಜೋಡಿಗೆ ತಿಜೆರ್ಜಾಯ್ ಎನ್ನುತ್ತಾರೆ. ಕೊಡಗಿನವರು ಸೆರಗನ್ನು ಬಲ ಹೆಗಲ ಮೇಲೆ ಪಿನ್ ಹಾಕಿ ನಿಲ್ಲಿಸುತ್ತಾರಲ್ಲ, ಆ ಕೆಲಸವನ್ನೇ ಇಲ್ಲಿ ಎರಡೂ ಹೆಗಲ ಮೇಲೆ ಬೆಳ್ಳಿ ಮಾಡುತ್ತದೆ. ನೀರು ತರುವಾಗಲೂ ಕೊಯ್ಲಿನಲ್ಲೂ ಹೆಂಗಸರ ಮೈಮೇಲಿದ್ದದ್ದು ಇದು. ಹಬ್ಬಕ್ಕೆ ಮಾತ್ರ ದೊಡ್ಡದು, ಎನಾಮೆಲ್ಲಿನದು.

ಹಳ್ಳಿಗಳಲ್ಲಿ ಚಿನ್ನಕ್ಕಿಂತ ಬೆಳ್ಳಿಯೇ ಮೇಲು. ಬೆಳ್ಳಿ ಶುದ್ಧ, ಕೆಟ್ಟ ದೃಷ್ಟಿ ತಡೆಯುತ್ತದೆ ಎಂಬ ನಂಬಿಕೆ. ಚಿನ್ನ ನಗರದವರ ಮೋಹ. ಚಿನ್ನವನ್ನು ಕಾಲಿಗೆ ಹಾಕದೆ ಬೆಳ್ಳಿಯನ್ನು ಪಾದಕ್ಕೆ ಇಳಿಸಿದ ನಾವು ಇಲ್ಲಿ ಸ್ವಲ್ಪ ತಲೆಬಾಗಬೇಕು! ಬೆಳ್ಳಿ ಬಂದದ್ದಾದರೂ ಎಲ್ಲಿಂದ? ಬಹುಪಾಲು ನಾಣ್ಯಗಳಿಂದ. ಹಸನ್ ಸುಲ್ತಾನರು ಯುರೋಪಿನಲ್ಲಿ ಅಚ್ಚು ಹಾಕಿಸಿದ ದಿರ್ಹಮ್‌ಗಳು, ಸ್ಪೇನಿನ ಪೆಸೆಟಾಗಳು ಮೂಸೆಗೆ ಬಿದ್ದವು. ಕೆಲವಕ್ಕೆ ತೂತು ಕೊರೆದು ಹಾಗೆಯೇ ಸರಕ್ಕೆ ಪೋಣಿಸಿದರು.

ಮಾಡುತ್ತಿದ್ದವರಲ್ಲಿ ಬಹಳ ಮಂದಿ ಯಹೂದಿ ಅಕ್ಕಸಾಲಿಗರು. 1948ರ ನಂತರ, ಮುಖ್ಯವಾಗಿ 1950 ಮತ್ತು 60ರ ದಶಕಗಳಲ್ಲಿ, ಅವರು ಇಸ್ರೇಲಿಗೆ, ಫ್ರಾನ್ಸಿಗೆ ಹೊರಟುಹೋದರು. ಕೆಲಸ ಬಲ್ಲ ಮುಸ್ಲಿಂ ಕುಶಲಕರ್ಮಿಗಳು ಅದನ್ನು ಮುಂದುವರಿಸಿದ್ದಾರೆ, ಇಂದಿಗೂ ಎನಾಮೆಲ್ ಕುಲುಮೆ ಆರಿಲ್ಲ. ಆದರೂ ತಲೆತಲಾಂತರ ಒಂದೇ ಹಳ್ಳಿಯಲ್ಲಿ ಬಾಳಿದವರು ಒಂದೆರಡು ದಶಕಗಳಲ್ಲಿ ಖಾಲಿಯಾದದ್ದನ್ನು ನೆನೆದರೆ ಸಂಕಟವಾಗುತ್ತದೆ.

ಪಕ್ಕದ ಅಲ್ಜೀರಿಯಾದ ಕಬಿಲಿಯಾದಲ್ಲಿ ಇದೇ ಪಿನ್ನು ದುಂಡಗಾಗಿ, ಹವಳ ಕೂಡಿಸಿಕೊಂಡು ತಾಬ್ಜಿಮ್ತ್ ಆಗುತ್ತದೆ. ಗಂಡುಮಗು ಹೆತ್ತವಳು ಅದನ್ನು ಹಣೆಗೆ ಕಟ್ಟಿಕೊಳ್ಳುತ್ತಿದ್ದಳಂತೆ. ಆ ಭಾಗ ನನಗೆ ಇಷ್ಟವಾಗಲಿಲ್ಲ. ಒಡವೆ ನಮ್ಮ ಗುಟ್ಟುಗಳನ್ನೆಲ್ಲ ಊರಿಗೆ ಸಾರುತ್ತದೆ, ಅಕ್ಕ.

ಮರಾಕೆಶ್‌ನ ಮಜೊರೆಲ್ ತೋಟದಲ್ಲಿ 2011ರಲ್ಲಿ ತೆರೆದ ಮ್ಯೂಸಿಯಂ ಇದೆ. ಕನ್ನಡಿಗಳ ಕೋಣೆಯಲ್ಲಿ, ನಕ್ಷತ್ರದ ಚಾವಣಿಯ ಕೆಳಗೆ ಈ ಬೆಳ್ಳಿ ಎಲ್ಲ ದಿಕ್ಕಿಗೂ ಹೊಳೆಯುತ್ತದೆ. ಚೆಂದವೇ. ಆದರೆ ಅಲ್ಲಿ ಬಟ್ಟೆಯ ಭಾರವಿಲ್ಲ. ಇಲ್ಲಿ ಆ ತಾಯಿ ಮುಳ್ಳು ಚುಚ್ಚಿದಾಗಲೇ ಇದು ಏನೆಂದು ನನಗೆ ಅರ್ಥವಾಯಿತು.

ಈಗ ನಿನ್ನ ಪ್ರಶ್ನೆ. ಕರಗಿಸುವುದೇ ತಪ್ಪು ಎನ್ನಲಾರೆ. ಇಲ್ಲಿಯೂ ಬರ ಬಂದ ವರ್ಷ ಹೆಂಗಸರು ಪಿನ್ನು, ಕಡಗ ಮಾರಿದ್ದಾರೆ, ಹಳೆಯದನ್ನು ಕೊಟ್ಟು ಮಗಳಿಗೆ ಹೊಸದು ಮಾಡಿಸಿದ್ದಾರೆ. ಹೆಣ್ಣಿನ ಸ್ವಂತ ದುಡ್ಡು ಎಂದರೆ ಮೈಮೇಲಿನ ಈ ಬೆಳ್ಳಿಯೇ ಆಗಿತ್ತು. ಆದರೆ ಮಗಳಿಗೆಂದು ಕರಗಿದ್ದು ಮತ್ತೆ ಒಬ್ಬಳ ಹೆಗಲಿಗೇ ಬರುತ್ತಿತ್ತು. ಅಜ್ಜಿ ಗದ್ದೆಗೆ ಹೊರಡುವಾಗ ಸೆರಗು ಸಿಕ್ಕಿಸುತ್ತಿದ್ದದ್ದು ಆ ಡಾಬಿಗೇ ಅಲ್ಲವೇ? ಅದನ್ನು ದೇವರ ಮನೆಯ ಕಂಬ ಮಾಡಲು ನನಗೆ ಮನಸ್ಸು ಬರುತ್ತಿಲ್ಲ.

ದೀಪದ ಖರ್ಚಿಗೆ ನಾನು ಸೇರುತ್ತೇನೆ. ಮಗಳ ಸೊಂಟಕ್ಕೆ ಡಾಬು ಬಿಗಿಯಾದರೆ ನಾವಿಬ್ಬರೂ ಆಚಾರರ ಹತ್ತಿರ ಹೋಗಿ ಎರಡು ಬಿಲ್ಲೆ ಸೇರಿಸಿಸೋಣ. ಕೊಂಡಿಯ ಹತ್ತಿರ ಸವೆದಿದೆಯೇ ನೋಡಿ ಒಂದು ಫೋಟೊ ಕಳಿಸು.

ನಿನ್ನ ತಂಗಿ