ಮಲಪ್ರಭೆಯ ದಂಡೆಗೊಂದು ಒಲೆ

ಗಾಳ ಹಿಡಿದು ಹೊಳೆಯ ದಂಡೆಗೆ ಹೊರಡುವವನು ಕೋಲನ್ನು ಮರೆಯುವುದಿಲ್ಲ, ದಾರವನ್ನು ಮರೆಯುವುದಿಲ್ಲ, ಎರೆಹುಳುಗಳ ಡಬ್ಬಿಯನ್ನಂತೂ ಮರೆಯುವುದೇ ಇಲ್ಲ. ಒಲೆಯ ವಿಷಯದಲ್ಲಿ ಮಾತ್ರ ಅವನದು ಉದಾಸೀನ. ಕಡೆಯ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಗಂಟಿಗೆ ಸೇರಿಸಿದರಾಯಿತೆಂಬ ಭಾವ. ಆದರೆ ಮೀನು ಸಿಕ್ಕುವುದು ದೈವಾಧೀನವಾದರೂ ಮುಂಜಾವಿನ ಚಳಿಯಲ್ಲಿ ಒಂದು ಬಟ್ಟಲು ಚಹ ಬೇಕೆನಿಸುವುದು ನಿಶ್ಚಿತ. ಯಾವ ಒಲೆ ಒಳ್ಳೆಯದೆಂಬ ಪ್ರಶ್ನೆಗೆ ಅಂಗಡಿಯವನಿಗಿಂತ ನೆಲವೇ ಹೆಚ್ಚು ಸರಿಯಾದ ಉತ್ತರ ಕೊಡುತ್ತದೆ. ಕಿತ್ತೂರಿನಿಂದ ಹೊರಟು ಬೈಲಹೊಂಗಲ, ಸವದತ್ತಿಗಳನ್ನು ಹಾದು ರಾಮದುರ್ಗದವರೆಗೆ ಬಂದರೆ ಈ ಮಾತಿನ ನಿಜ ತಿಳಿಯುತ್ತದೆ.

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಬಳಿ ಸಹ್ಯಾದ್ರಿಯ ಮಡಿಲಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮದಲ್ಲಿ ಮಲೆನಾಡಿನ ಅಂಚು; ಪೂರ್ವಕ್ಕೆ ಬಂದಂತೆ ಮರ ವಿರಳವಾಗಿ, ಎರೆಭೂಮಿ ಕಣ್ಣು ಹಾಯುವವರೆಗೆ ಹಬ್ಬುತ್ತದೆ. ಕಿತ್ತೂರಿನ ಸೀಮೆಯಲ್ಲಿ ಉದುರಿದ ಕಟ್ಟಿಗೆ ನಾಲ್ಕು ಹೆಜ್ಜೆಗೆ ಸಿಕ್ಕೀತು. 1824ರಲ್ಲಿ ಕಂಪನಿ ಸರಕಾರದ ದಂಡನ್ನು ಇದಿರಿಸಿದ ಚೆನ್ನಮ್ಮನ ಕೋಟೆಯ ಪಾಳುಗೋಡೆಗಳನ್ನು ನೋಡುವಾಗ, ಆ ಕಾಲದ ದಂಡಾಳುಗಳೂ ಮೂರು ಕಲ್ಲಿಟ್ಟೇ ಅಂಬಲಿ ಕಾಸಿರಬೇಕೆಂದು ಮನಸ್ಸು ಊಹಿಸುತ್ತದೆ. ಮೂರು ಕಲ್ಲಿನ ಒಲೆಗೆ ಬೆಲೆಯಿಲ್ಲ, ಭಾರವೂ ಇಲ್ಲ. ಆದರೆ ಬಯಲಿನಲ್ಲಿ ಅದರ ಕಾವಿನ ಹತ್ತು ಪಾಲಿನಲ್ಲಿ ಒಂದೆರಡು ಪಾಲು ಮಾತ್ರ ಪಾತ್ರೆಗೆ ತಟ್ಟುತ್ತದೆ. ಉಳಿದುದನ್ನು ಗಾಳಿ ಒಯ್ಯುತ್ತದೆ. ಮಳೆಗಾಲದಲ್ಲಂತೂ ಹಸಿ ಕಟ್ಟಿಗೆಯ ಹೊಗೆಯೇ ಊಟ.

ಬೈಲಹೊಂಗಲಕ್ಕೆ ಬಂದರೆ ಹತ್ತಿಯ ನಾಡು. ಸೆರೆಯಲ್ಲಿದ್ದ ಚೆನ್ನಮ್ಮ 1829ರ ಫೆಬ್ರುವರಿ 2ರಂದು ಕಣ್ಣು ಮುಚ್ಚಿದ್ದು ಇಲ್ಲಿಯೇ. ಅವಳ ಸಮಾಧಿಗೆ ಕೈಮುಗಿದು ಮುಂದುವರಿಯದ ಪ್ರವಾಸಿ ವಿರಳ. ಇಲ್ಲಿಯ ಹಳ್ಳಿಗಳಲ್ಲಿ ಹತ್ತಿಕಟ್ಟಿಗೆ, ಜೋಳದ ದಂಟು, ಕುಳ್ಳು ಇವೇ ಉರುವಲು. ಅವು ರೈತನ ಮನೆಯ ಸೊತ್ತು. ದಾರಿಹೋಕ ಕೇಳದೆ ಮುಟ್ಟುವಂತಿಲ್ಲ. ಆದುದರಿಂದಲೇ ಬಯಲುಸೀಮೆಯ ಪ್ರವಾಸಿ ಇಂಧನವನ್ನು ತನ್ನ ಗಂಟಿನಲ್ಲಿಯೇ ತರಬೇಕು.

ಒಂದು ಕಾಲಕ್ಕೆ ಈ ಸಮಸ್ಯೆಗೆ ಉತ್ತರವಾಗಿದ್ದುದು ಪಂಪಿನ ಸ್ಟೋವ್. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬವನು 1892ರಲ್ಲಿ ರೂಪಿಸಿದ ಪ್ರೈಮಸ್ಸಿನ ಸಂತತಿ ಇದು. ಮೊದಲು ಬಟ್ಟಲಿನಲ್ಲಿ ತುಸು ಸ್ಪಿರಿಟ್ ಉರಿಸಿ ಕೊಳವೆಯನ್ನು ಕಾಯಿಸಬೇಕು. ಬಳಿಕ ಪಂಪು ಒತ್ತಿದರೆ ಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಸಣ್ಣ ರಂಧ್ರದಿಂದ ಹೊಮ್ಮಿ, ನೀಲಿಯಾಗಿ ಭೋರ್ಗರೆಯುತ್ತದೆ. 1953ರಲ್ಲಿ ಎವರೆಸ್ಟಿನ ಕಡೆಯ ಶಿಬಿರದಲ್ಲಿ ಹಿಲರಿ ತನ್ನ ಹೆಪ್ಪುಗಟ್ಟಿದ ಬೂಟುಗಳನ್ನು ಕರಗಿಸಿಕೊಂಡದ್ದು ಇಂಥ ಒಲೆಯ ಮೇಲೆಯೇ. ಆದರೆ ರಂಧ್ರದಲ್ಲಿ ಕಸ ಕಟ್ಟಿದರೆ ಪಿನ್ನು ಬೇಕು. ತೊಗಲಿನ ವಾಶರು ಒಣಗಿದರೆ ಎಣ್ಣೆಯ ಹನಿ ಬೇಕು. ಅವಸರದಲ್ಲಿ ಅರೆಬರೆ ಕಾಯಿಸಿದರೆ ಉರಿ ಆಳೆತ್ತರ ಏಳುತ್ತದೆ. ಬತ್ತಿಯ ಸ್ಟೋವಿಗೆ ಇಷ್ಟು ಹಟವಿಲ್ಲ. ಆದರೆ ಬಯಲುಗಾಳಿಗೆ ಅದು ಹೆದರುತ್ತದೆ, ಪಾತ್ರೆಗೆ ಮಸಿಯನ್ನೂ ಬಳಿಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕಡೆಯವರು ಚಿಮಣಿ ಎಣ್ಣೆ ಎಂದು ಕರೆಯುವ ಸೀಮೆಎಣ್ಣೆ ಇಂದು ಹಿಂದಿನಂತೆ ಸುಲಭವಾಗಿ ದೊರೆಯುವುದಿಲ್ಲ. ಎಣ್ಣೆ ಸಿಕ್ಕದ ಊರಿನಲ್ಲಿ ಎಂಥ ಒಳ್ಳೆಯ ಸ್ಟೋವೂ ಹಿತ್ತಾಳೆಯ ಆಟಿಕೆಯೇ ಸರಿ.

ಬೈಲಹೊಂಗಲದಿಂದ ಸವದತ್ತಿಯತ್ತ ನಡೆದರೆ ಒಲೆಗಳ ನಿಜವಾದ ವಿಶ್ವವಿದ್ಯಾಲಯ ಇದಿರಾಗುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಭಕ್ತರು ಚಕ್ಕಡಿ, ಟ್ರ್ಯಾಕ್ಟರುಗಳನ್ನು ಬಿಟ್ಟಲ್ಲಿಯೇ ಒಲೆ ಹೂಡುತ್ತಾರೆ. ಹೋಳಿಗೆ, ಕಡಬು ಬೇಯುತ್ತವೆ, ಪಡಲಗಿ ತುಂಬುತ್ತದೆ. ಅನುಭವಸ್ಥೆಯಾದ ಹೆಣ್ಣುಮಗಳು ಗಾಳಿ ಬರುವ ದಿಕ್ಕನ್ನು ನೋಡಿಯೇ ಕಲ್ಲಿಡುತ್ತಾಳೆ. ಚಕ್ಕಡಿಯನ್ನೇ ಮರೆಯಾಗಿ ಮಾಡಿಕೊಳ್ಳುತ್ತಾಳೆ. ಇದನ್ನು ಯಾವ ಕಾಲೇಜೂ ಅವಳಿಗೆ ಕಲಿಸಿಲ್ಲ.

ಈಗ ಆ ಸಾಲುಗಳ ನಡುವೆ 5 ಕಿಲೋ ಅನಿಲದ ಸಣ್ಣ ಸಿಲಿಂಡರೂ ಕಾಣಿಸಿಕೊಂಡಿದೆ. ಹತ್ತು ಮಂದಿಯ ಕೂಟಕ್ಕೆ, ಸ್ವಂತ ಗಾಡಿಯಿದ್ದವರಿಗೆ ಇದು ಅನುಕೂಲವೇ. ಆದರೆ ಉಕ್ಕಿನ ತೂಕ ಸೇರಿ ಹತ್ತು ಕಿಲೋ ಮೀರುವ ಇದನ್ನು ಹೊತ್ತು ದಂಡೆ ಇಳಿಯುವುದು ಒಬ್ಬನಿಗೆ ಕಷ್ಟ. ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ತಗ್ಗಿನಲ್ಲಿಯೇ ಮಡುಗಟ್ಟಿ ನಿಲ್ಲುತ್ತದೆ. ವಾಸನೆ ಬಂದೊಡನೆ ಕಡ್ಡಿ ಗೀರದೆ ದೂರ ಸರಿಯಬೇಕು. ಇನ್ನು ರೈಲಿನಲ್ಲಿ ಇದನ್ನು ಒಯ್ಯುವುದು ಕಾನೂನಿಗೇ ವಿರುದ್ಧ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯೊಂದರಲ್ಲಿ ಗುಟ್ಟಾಗಿ ತಂದಿದ್ದ ಸಿಲಿಂಡರಿನಿಂದ ಬೆಂಕಿಯೆದ್ದು ಒಂಬತ್ತು ಜನ ಅಸುನೀಗಿದರು. ಒಂದು ಬಟ್ಟಲು ಚಹದ ಆಸೆಗೆ ಅಷ್ಟು ದೊಡ್ಡ ಬೆಲೆ ಯಾರೂ ತೆರಬಾರದು.

ಸವದತ್ತಿಯ ಹತ್ತಿರವೇ ನವಿಲುತೀರ್ಥ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಗಟ್ಟಿದ ಅಣೆಕಟ್ಟು, ಅದರ ಹಿಂದೆ ಕಡಲಿನಂತೆ ಹರಡಿದ ರೇಣುಕಾಸಾಗರ. ಇಲ್ಲಿ ಗಾಳ ಹಾಕುವವನು ಮೊದಲು ಮೀನುಗಾರಿಕೆ ಇಲಾಖೆಯ ಅನುಮತಿಯನ್ನು ವಿಚಾರಿಸಿಕೊಳ್ಳುವುದು ಲೇಸು. ಈ ನೀರಿನ ಮೀನನ್ನೇ ನಂಬಿ ಬದುಕುವ ಕುಟುಂಬಗಳಿವೆ. ಒಂಟಿ ಮೀನುಗಾರನಿಗೆ ಅನುಕೂಲವಾದದ್ದು ಅಂಗೈಯಗಲದ ಅನಿಲದ ಒಲೆ. ಸುಮಾರು 230 ಗ್ರಾಂ ಅನಿಲದ ಡಬ್ಬಿಯ ನೆತ್ತಿಗೆ ಅದನ್ನು ತಿರುಗಿಸಿ ಕೂರಿಸಿದರಾಯಿತು. ಗಾಳಿ ತಡೆದರೆ ಒಂದು ಡಬ್ಬಿ ಹತ್ತು ಲೀಟರಿಗೂ ಹೆಚ್ಚು ನೀರನ್ನು ಕುದಿಸಬಲ್ಲುದು. ಶೀತಪ್ರದೇಶಗಳಲ್ಲಿ ಬ್ಯುಟೇನ್ ಅನಿಲ ಆವಿಯಾಗಲೊಲ್ಲದೆಂಬ ದೂರಿದೆ. ನಮ್ಮ ಮಾಗಿಯ ಚಳಿ ಅಷ್ಟು ಕ್ರೂರವಲ್ಲ. ಆದರೆ ಜಲಾಶಯದ ಮೇಲಿಂದ ಬೀಸುವ ಗಾಳಿಗೆ ಹೆದರಿ ಇಡೀ ಒಲೆಯ ಸುತ್ತ ತಗಡಿನ ಮರೆ ಕಟ್ಟಬಾರದು. ಒಳಗೆ ಡಬ್ಬಿಯೇ ಕಾದು ಸಿಡಿದೀತು. ಗಾಳಿಯ ಒಂದೇ ಮಗ್ಗುಲಿಗೆ ಮರೆಯಿರಲಿ. ಬರಿದಾದ ಡಬ್ಬಿಗೆ ಮನೆಯ ಸಿಲಿಂಡರಿನಿಂದ ಅನಿಲ ತುಂಬಿಸುವ ಜಾಣತನವೂ ಬೇಡ.

ಡೇರೆಯೊಳಗೆ ಒಲೆ ಹಚ್ಚುವುದನ್ನಂತೂ ಯಾರೂ ಮಾಡದಿರಲಿ, ಅದು ಅನಿಲದ್ದಿರಲಿ, ಇದ್ದಲಿಯ ಸಿಗಡಿಯಿರಲಿ. ಗಾಳಿಯಾಡದ ಕಡೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಚ್ಚಗೆ ಮಲಗಿದವರನ್ನು ಏಳದಂತೆ ಮಾಡುವ ಶಕ್ತಿ ಮಾತ್ರ ಇದೆ.

ಅಣೆಕಟ್ಟಿನಿಂದ ಕೆಳಗೆ ಹರಿದ ಹೊಳೆ ತೊರಗಲ್ಲನ್ನು ಹಾದು ನೇಕಾರರ ಊರಾದ ರಾಮದುರ್ಗಕ್ಕೆ ಬರುತ್ತದೆ. ಮೇಲಿನಿಂದ ನೀರು ಬಿಟ್ಟರೆ ಇಲ್ಲಿಯ ಮರಳದಂಡೆ ಬೇಗ ಮುಳುಗುತ್ತದೆ. ಬಿಡಾರವನ್ನು ಎತ್ತರದಲ್ಲಿಯೇ ಹೂಡಬೇಕು. 2019ರ ಆಗಸ್ಟಿನ ಮಹಾಪೂರದಲ್ಲಿ ಈ ತಾಲ್ಲೂಕಿನ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ಮನೆಯ ಒಲೆ ನೀರಿನಡಿ ಸೇರಿದ ದಿನ ಮಗುವಿಗೆ ಹಾಲು ಕಾಸಲು ಎತ್ತರದ ಜಾಗದಲ್ಲೊಂದು ಸಣ್ಣ ಒಲೆ ಸಿಕ್ಕರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಶೋಕಿಗೆಂದು ಕೊಂಡ ಒಲೆ ಅಂದು ಸಂಸಾರವನ್ನು ಕಾಯುತ್ತದೆ. ಆದುದರಿಂದ ಜತೆಗೆ ಒಂದು ಪುಟ್ಟ ಸ್ಪಿರಿಟ್ ಒಲೆಯೂ ಇರಲಿ. ಸ್ಪಿರಿಟ್ಟಿನ ಕಾವು ತೂಕಕ್ಕೆ ತೂಕ ಸೀಮೆಎಣ್ಣೆಯ ಮೂರರಲ್ಲಿ ಎರಡು ಪಾಲಿನಷ್ಟೇ ನಿಜ. ಆದರೆ ಕೆಡಲು ಅದರಲ್ಲಿ ಯಂತ್ರವೇ ಇಲ್ಲ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣದೆಂಬುದನ್ನು ನೆನಪಿಟ್ಟು, ಪೂರ್ತಿ ತಣಿಯುವ ಮೊದಲು ಮತ್ತೆ ಸುರಿಯದಿದ್ದರೆ ಸಾಕು.

ಒಟ್ಟಿನಲ್ಲಿ ಕೂಟಕ್ಕೆ ಸಣ್ಣ ಸಿಲಿಂಡರು, ಒಂಟಿಗೆ ಡಬ್ಬಿಯ ಒಲೆ, ಆಪತ್ತಿಗೆ ಸ್ಪಿರಿಟ್, ಯಾವುದೂ ಇಲ್ಲದಾಗ ಅಜ್ಜಿಯ ಕಾಲದ ಮೂರು ಕಲ್ಲು. ಕನ್ನಡದಲ್ಲಿ ‘ಒಲೆಯನ್ನು ಆರಿಸುವುದು’ ಎಂದರೆ ಎರಡು ಅರ್ಥ: ಆಯ್ದುಕೊಳ್ಳುವುದೂ ಹೌದು, ನಂದಿಸುವುದೂ ಹೌದು. ದಂಡೆಯ ಮಗ್ಗುಲಿನ ಹೊಲದಲ್ಲಿ ರೈತನ ವರ್ಷದ ಮೇವು ಬಣವೆಯಾಗಿ ನಿಂತಿರುತ್ತದೆ. ಅದಕ್ಕೆ ಒಂದು ಕಿಡಿ ಸಾಕು. ಮೊದಲನೆಯ ಅರ್ಥದಲ್ಲಿ ಜಾಣನಾದವನು ಎರಡನೆಯದರಲ್ಲಿಯೂ ಜಾಣನಾಗಿ, ಬೂದಿಯ ಮೇಲೆ ಎರಡು ಚೆಂಬು ಹೊಳೆಯ ನೀರು ಸುರಿದೇ ಮನೆಯ ದಾರಿ ಹಿಡಿಯಲಿ.